ಹೂಂಗುಟ್ಟುವವಳು

ಹೊಟ್ಟೆಯೊಳಗಿನ ಕೂಸಿಗೆ ಈಗ ಹೊರಗಿನ ಸದ್ದು ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದಂದಿನಿಂದ ಸೌಂದರ್ಯಾಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಯಾರಿಗೂ ಹೇಳುವಂಥದ್ದಲ್ಲ, ಹೇಳಿದರೆ ನಗುತ್ತಾರೆ. ಅದಕ್ಕೆ ತನ್ನ ದನಿಯೇ ಗೊತ್ತಿಲ್ಲವೇನೋ ಎಂಬ ಚಿಂತೆ. ಗಂಡ ಅಭಿಜೀತನ ದನಿ ಗೊತ್ತಿದ್ದೀತು. ಅವನು ಮಲಗುವ ಮೊದಲು ಹೊಟ್ಟೆಯ ಹತ್ತಿರ ಬಾಯಿ ತಂದು 'ಏನ್ ಸಾಹೇಬ್ರ, ಆರಾಮೇನ್ರೀ' ಎಂದು ವಿಚಾರಿಸಿಕೊಳ್ಳುತ್ತಾನೆ. ಗದಗಿನಿಂದ ವಿಡಿಯೋ ಕಾಲಿನಲ್ಲಿ ಬರುವ ಅತ್ತೆ ನೀಲವ್ವನ ದನಿ ಖಂಡಿತ ಗೊತ್ತಿರುತ್ತದೆ. ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಹಾಡು ಹೇಳಿಸಿದ ಆ ದನಿ ಪಕ್ಕದ ಫ್ಲ್ಯಾಟಿಗೂ ಕೇಳುತ್ತದೆ. ಮೆಟ್ರೋದಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳುವ ಹೆಂಗಸಿನ ದನಿ ಕೂಡ ಇಷ್ಟು ಹೊತ್ತಿಗೆ ರೂಢಿಯಾಗಿರಬೇಕು. ಆದರೆ ಹೊತ್ತುಕೊಂಡವಳದು? ಹೊತ್ತುಕೊಂಡವಳು ಬೆಳಗಿನಿಂದ ರಾತ್ರಿಯವರೆಗೆ ಆಡುವುದನ್ನೆಲ್ಲ ಗೋಣಿಗೆ ತುಂಬಿ ಜಾಡಿಸಿದರೆ ಉದುರುವುದು ಒಂದು ಹೂಂ. ಬಾಯಿ ಮುಚ್ಚಿಕೊಂಡೇ ಗಂಟಲಿನಿಂದ ಹೊರಡುವ ಸದ್ದು. ಒಳಗಿರುವ ಕೂಸಿಗೆ ಅದು ಮಾತೆಂದು ಗೊತ್ತಾಗುತ್ತದೋ, ಕರುಳು ಮಾಡುವ ಸದ್ದುಗಳಲ್ಲಿ ಅದೂ ಒಂದು ಅನಿಸುತ್ತದೋ.

ಬರ್ ದುಬೈಯ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಾಯುವವರಿಗೆಂದು ಹಾಕಿದ ಕುರ್ಚಿಯ ಸಾಲಿನ ತುದಿಯಲ್ಲಿ ಕೂತು ಅವಳು ಇದನ್ನು ಯೋಚಿಸುತ್ತಿದ್ದಳು. ಬಸುರಿಯರಿಗೆ ಮಾಡುವ ಸಕ್ಕರೆ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದಿದ್ದರು. ಆಮೇಲೆ ಕಿತ್ತಳೆ ಬಣ್ಣದ, ಪಾಕದಷ್ಟು ಸಿಹಿಯಾದ ನೀರನ್ನು ನರ್ಸು ಎದುರಿಗೇ ನಿಂತು ಕುಡಿಸಿದ್ದಳು. ಇನ್ನು ತಾಸಿಗೊಮ್ಮೆ ರಕ್ತ ತೆಗೆಯುತ್ತಾರೆ. ಅಲ್ಲಿಯವರೆಗೆ ಏನೂ ತಿನ್ನುವಂತಿಲ್ಲ, ಹೊರಗೆ ಹೋಗುವಂತಿಲ್ಲ, ಸುಮ್ಮನೆ ಎದ್ದು ಅಡ್ಡಾಡುವಂತೆಯೂ ಇಲ್ಲ. ವಾಂತಿಯಾದರೆ ಪರೀಕ್ಷೆ ಕೆಟ್ಟಂತೆ, ಇನ್ನೊಂದು ದಿನ ಬಂದು ಎಲ್ಲ ಮೊದಲಿನಿಂದ. 'ಇಧರೀಚ್ ಬೈಠ್ನಾ, ಕಹೀ ನಹೀ ಜಾನಾ' ಎಂದು ನರ್ಸು ಮಲಯಾಳದ ರಾಗದಲ್ಲಿ ಹಿಂದಿ ಹೇಳಿದ್ದಳು. ಹೂಂ ಅಂದಿದ್ದಳು ಇವಳು. ಸುತ್ತ ಕೂತ ಬಸುರಿಯರ ಪಕ್ಕದಲ್ಲಿ ಗಂಡಂದಿರಿದ್ದರು. ಒಬ್ಬ ಹೆಂಡತಿಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಕೂಸೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಅಭಿಜೀತನಿಗೆ ಅಬುಧಾಬಿಯ ಅಲ್ ಮೀನಾದಲ್ಲಿ ಕೋಲ್ಡ್ ಸ್ಟೋರೇಜಿನ ಕೆಲಸ, ಹೊತ್ತು ಮೂಡುವ ಮೊದಲೇ ಕಾರು ತೆಗೆದಿದ್ದ. 'ಒಬ್ಬಾಕಿನ ಹೋಗಿ ಬರತೀಯಲ್ಲ?' ಎಂದು ಬಾಗಿಲಲ್ಲಿ ಕೇಳಿದ್ದ. ಅದಕ್ಕೂ ಹೂಂ. ಎದುರಿನ ಕಿಟಕಿಯಲ್ಲಿ ಎರಡು ಕಟ್ಟಡಗಳ ಸಂದಿಯಿಂದ ಕ್ರೀಕಿನ, ಊರೊಳಗೆ ಹೊಕ್ಕ ಕಡಲಿನ, ನೀರು ಒಂದು ಗೇಣಿನಷ್ಟು ಕಾಣುತ್ತಿತ್ತು. ಅದರಲ್ಲಿ ಒಂದು ಅಬ್ರಾ ದೋಣಿ ಹೊಕ್ಕು, ದಾಟಿ, ಕಾಣದಾಗುತ್ತಿತ್ತು, ಮತ್ತೊಂದು. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಈ ಊರಿನ ಕಿಟಕಿಗಳಲ್ಲಿ ತೆರೆಯುವಂಥದ್ದನ್ನು ಕೊನೆಯದಾಗಿ ನೋಡಿದ್ದು ಎಲ್ಲಿ ಎಂದು ನೆನೆಸಿಕೊಳ್ಳಲು ಹೋದರೆ ನೆನಪಿಗೆ ಬಂದದ್ದು ಮುಂಡರಗಿಯ ಅಜ್ಜಿಯ ಮನೆಯ ಬೆಳಕಿಂಡಿ.

ಅಜ್ಜಿ ಕತ್ತಲೆಯಲ್ಲಿ ಕತೆ ಹೇಳುತ್ತಿದ್ದಳು. ಹೇಳಿದ್ದಕ್ಕೆ ಮೊಮ್ಮಗಳು ಹೂಂಗುಟ್ಟಬೇಕು. 'ಹೂಂ ಅನ್ನವಾ, ಇಲ್ಲಂದ್ರ ಕತಿ ಮುಂದ ಹೋಗೂದಿಲ್ಲ.' ಒಬ್ಬ ರಾಜ ಇದ್ದ, ಹೂಂ. ಅವನಿಗೆ ಏಳು ಮಂದಿ ಹೆಣ್ಣುಮಕ್ಕಳಿದ್ದರು, ಹೂಂ. ಹೂಂ ತಪ್ಪಿದರೆ ಅಜ್ಜಿ ಅರ್ಧಕ್ಕೇ ನಿಲ್ಲಿಸಿ 'ನಿದ್ದಿ ಬಂತೇನ ಕೂಸ' ಎಂದು ತಲೆ ಸವರುತ್ತಿದ್ದಳು. ಹಾಗಾಗಿ ಕಣ್ಣು ಎಳೆಯುತ್ತಿದ್ದರೂ ಹೂಂ, ಕತೆ ತಿಳಿಯದಿದ್ದರೂ ಹೂಂ. ಆರನೇ ರಾಜಕುಮಾರಿಯನ್ನು ನುಂಗಿದ ರಾಕ್ಷಸ ಏಳನೆಯವಳ ಕೋಣೆಯ ಚಿಲಕ ತೆಗೆದಾಗಲೂ ಅವಳು ಹೂಂ ಎಂದೇ ಅಂದಿದ್ದಳು. ಹಾಗೆಂದರೆ ನುಂಗು ಎಂದು ಹೇಳಿದ ಹಾಗಾಯಿತೇ? ಎಚ್ಚರ ಇದ್ದೇನೆ, ಇಲ್ಲಿದ್ದೇನೆ, ನೀ ಹೇಳುವುದು ಕಿವಿಗೆ ಬೀಳುತ್ತಿದೆ, ಅಷ್ಟೇ. ಓಣಿಯ ಯಾವ ಮಗುವೂ ಅವಳಷ್ಟು ಚೆನ್ನಾಗಿ ಹೂಂಗುಟ್ಟುತ್ತಿರಲಿಲ್ಲ. ಅಜ್ಜಿಗೆ ಅದೊಂದು ಹೆಮ್ಮೆ. 'ನಮ್ಮ ಹುಡುಗಿ ಮಾತು ಕಮ್ಮಿ, ಆದ್ರ ಹೂಂ ಮಾತ್ರ ಒಂದೂ ಬಿಡೂದಿಲ್ಲ.' ಅದು ಹೊಗಳಿಕೆ ಎಂದು ತಿಳಿದೇ ಅವಳು ಬೆಳೆದದ್ದು. ಕಾಲೇಜಿನಲ್ಲಿ, ಆಫೀಸಿನಲ್ಲಿ, ಕನ್ಯಾ ನೋಡಲು ಬಂದವರ ಎದುರಿಗೆ, ಎಲ್ಲೆಲ್ಲೂ ಎಲ್ಲರ ಕತೆಯನ್ನೂ ಮುಂದೆ ಸಾಗಿಸಿಕೊಟ್ಟದ್ದು.

ಕೆಲವು ತಿಂಗಳ ಹಿಂದೆ ಒಂದು ರವಿವಾರ ಆದದ್ದೂ ಅದೇ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಫೋನು ಹಿಟ್ಟಿನ ಡಬ್ಬಿಗೆ ಒರಗಿಕೊಂಡಿತ್ತು, ಫೋನಿನಲ್ಲಿ ನೀಲವ್ವ ಸೊಪ್ಪು ಸೋಸುತ್ತ ಮಾತಾಡುತ್ತಿದ್ದರು. 'ನಾ ವಿಸಿಟ್ ವೀಸಾದ ಮ್ಯಾಲ ಬರತೇನಿ.' ಹೂಂ ರೀ. 'ಬಾಣಂತನ ನಾನ ಮಾಡತೇನಿ, ಅಲ್ಲಿ ಯಾರೂ ಇಲ್ಲ ನಿನಗ.' ಹೂಂ ರೀ. 'ನಿನ್ನ ಎರಡ ತಿಂಗಳ ರಜಾ ಮುಗಿಯೂದ್ರಾಗ ಕೂಸಿನ ಪಾಸ್‌ಪೋರ್ಟ್ ಆಕ್ಕೈತಂತ, ಅಭಿ ಎಲ್ಲಾ ವಿಚಾರಿಸ್ಯಾನ. ಆಮ್ಯಾಲ ಕೂಸಿನ್ನ ನಾನ ಗದಗಿಗೆ ಕರಕೊಂಡು ಬರತೇನಿ. ಸಾಲಿಗೆ ಹಾಕೂ ವ್ಯಾಳ್ಯಾಕ್ಕ ನಿಮ್ಮ ಕೂಸು ನಿಮಗ. ಅಲ್ಲೀತನಕ ನೀವಿಬ್ರೂ ನಿಶ್ಚಿಂತಿ ನೌಕರಿ ಮಾಡ್ರಿ.' ಹೂಂ ರೀ. ಆ ಮೂರನೆಯದು ಬಾಯಿಂದ ಬಿದ್ದಾಗ ಅವಳ ಕೈ ಚಪಾತಿಯ ಅಂಚು ತಿದ್ದುತ್ತಿತ್ತು. ಮಾತು ಕಿವಿಗೆ ಬಿದ್ದು, ಒಳಗೆ ಇಳಿದು, ಅರ್ಥವಾಗುವಷ್ಟರಲ್ಲಿ ಹೂಂ ಆಗಲೇ ಗದಗ ಮುಟ್ಟಿತ್ತು. ಸಂಜೆಯ ಹೊತ್ತಿಗೆ ಮಾವ ರೇವಣಸಿದ್ದಪ್ಪ ಓಣಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಯಾಗಿತ್ತು: 'ನಮ್ಮ ಸೊಸಿ ಒಂದ ಮಾತಿಗೆ ಹೂಂ ಅಂದ್ಲು ನೋಡ್ರಿ. ಈಗಿನ ಹುಡಿಗ್ಯಾರು ಹಂಗ ಅಂತಾರೇನು?' ಮುಂದಿನ ತಿಂಗಳು ನೀಲವ್ವ ಅಂಗನವಾಡಿ ಕೆಲಸ ಬಿಟ್ಟರು. ಬೀಳ್ಕೊಡುಗೆಯ ಫೋಟೋ ಬಂತು. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಸುತ್ತ ಮೂಗು ಸೋರುವ ಮಕ್ಕಳು, ನಡುವೆ ಅಳುತ್ತ ನಗುವ ಮುಖ. ಕೆಳಗೆ 'ಇನ್ನ ನಮ್ಮ ಕೂಸಿಂದಷ್ಟ ಕೆಲಸ' ಎಂದು ಬರೆದಿದ್ದರು. ಆ ಫೋಟೋಕ್ಕೆ ಸೌಂದರ್ಯಾ ಕೈ ಮುಗಿದ ಚಿತ್ರವೊಂದನ್ನು ಕಳಿಸಿದ್ದಳು.

ಕೆಟ್ಟವರಿದ್ದಿದ್ದರೆ ಸುಲಭವಿತ್ತು. ಈ ಮಾತು ಅವಳಿಗೆ ದಿನಕ್ಕೊಮ್ಮೆಯಾದರೂ ಹೊಳೆದು, ಹೊಳೆದದ್ದಕ್ಕೇ ನಾಚಿಕೆಯಾಗುತ್ತಿತ್ತು. ಗದಗಿನ ಎಷ್ಟೋ ಕೂಸುಗಳಿಗೆ ಮೊದಲ ಅಕ್ಷರ ತಿದ್ದಿಸಿದ ಕೈ ಅದು. ಅದಕ್ಕಿಂತ ಒಳ್ಳೆಯ ಕೈ ಈ ದುಬೈಯಲ್ಲಿ ಎಲ್ಲಿದೆ? ಒಮ್ಮೆ ಧೈರ್ಯ ಮಾಡಿ ಅಭಿಜೀತನ ಹತ್ತಿರ 'ನರ್ಸರಿ ನೋಡೂಣೇನ್ರಿ' ಎಂದಿದ್ದಳು. 'ನರ್ಸರಿ? ಅವ್ವ ಇರೂವಾಗ? ಆಕಿ ಕೇಳಿದ್ರ ನಕ್ಕೋತ ಬೀಳತಾಳ' ಎಂದು ಅವನೇ ನಕ್ಕಿದ್ದ. ಆಮೇಲೆ ಅವಳ ಮುಖ ನೋಡಿ, ಅವನು ಕೆಟ್ಟವನಲ್ಲ, 'ಇಲ್ಲಾಂದ್ರ ನೀ ನೌಕರಿ ಬಿಟ್ಟ ಕೂಡಬೇಕು. ಆಗ ಅಲ್ ಬರ್ಷಾದ ಈ ಮನಿ ಬಿಟ್ಟು ಇನ್ನೊಬ್ಬರ ಕೂಡ ರೂಮ್ ಶೇರ್ ಮಾಡಬೇಕಾಕ್ಕೈತಿ. ಹೌದಿಲ್ಲ?' ಎಂದು ಮೆತ್ತಗೆ ತಿಳಿಸಿ ಹೇಳಿದ್ದ. ಹೌದಿಲ್ಲ ಎಂದು ಕೊನೆಯಲ್ಲಿ ಸೇರಿಸುವವರಿಗೆ ಹೂಂ ಅಲ್ಲದೆ ಬೇರೇನು ಹೇಳಲು ಬರುತ್ತದೆ. ಇಷ್ಟು ಮಂದಿ ಒಳ್ಳೆಯವರು ಸೇರಿ ಸುತ್ತ ಕಟ್ಟಿದ ಗೋಡೆಯಲ್ಲಿ ತಾನು ಎಲ್ಲಿ ಕೈ ಇಟ್ಟು ದೂಡಬೇಕು ಎಂದು ತಿಳಿಯದೆ ಅವಳು ಕುರ್ಚಿಯಲ್ಲಿ ತುಸು ಸರಿದು ಕೂತಳು. ಬಾಯಲ್ಲಿ ಕಿತ್ತಳೆಯ ಸಿಹಿ ಹುಳಿಯಾಗತೊಡಗಿತ್ತು.

ಮುಂಡರಗಿಯಲ್ಲಿ ಸಿಹಿ ಎಂದರೆ ಅವ್ವ ತರುತ್ತಿದ್ದ ಬಿಸ್ಕೀಟು. ಅವ್ವ ಅಪ್ಪ ಇಬ್ಬರಿಗೂ ಬೀದರಿನ ಕಡೆ ನೌಕರಿ, ಅವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೌಂದರ್ಯಾ ಎದೆಹಾಲು ಬಿಟ್ಟದ್ದೇ ಅಜ್ಜಿಯ ಮಡಿಲಿಗೆ ಬಂದವಳು. ಓಣಿಗೆಲ್ಲ ನೌಕರಿ ಮಾಡುವ ಹೆಣ್ಣುಮಗಳು ಅವ್ವ ಒಬ್ಬಳೇ, ಹಾಗಾಗಿ ಅವಳು ರಜೆಗೆ ಬಂದಾಗ ಜನ ಹೆಮ್ಮೆಯಿಂದ, ಸಾಲಿ ಕಲಿಸುವವರನ್ನು ಕರೆಯುವ ಹಾಗೆ, 'ಅಕ್ಕಾರು ಬಂದ್ರು, ಅಕ್ಕಾರು ಬಂದ್ರು' ಎನ್ನುತ್ತಿದ್ದರು. ಒಂದು ಬ್ಯಾಸಗಿ, ಅವಳಿಗೆ ನಾಲ್ಕೋ ಐದೋ ಇರಬೇಕು, ಅಂಗಳದಲ್ಲಿ ಆಡುತ್ತಿದ್ದಾಗ ಧೂಳು ಮೆತ್ತಿದ ಸೀರೆಯ ಹೆಂಗಸೊಬ್ಬಳು ಚೀಲ ಇಳಿಸಿ ಎರಡೂ ಕೈ ಚಾಚಿದಳು. 'ಯಾರು ಬಂದಾರ ಹೇಳು' ಎಂದಳು ಅಜ್ಜಿ. 'ಅಕ್ಕಾರು' ಎಂದು ಇವಳು ಅಜ್ಜಿಯ ಸೆರಗಿನ ಹಿಂದೆ ಸರಿದಳು. ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ಅವ್ವನೇ ನಕ್ಕಳು, 'ನಿನ್ನ ಸಾಲಿ ಹುಡುಗೂರ ಹಂಗ ಅಂದಳಲ್ಲ' ಎಂದು ಯಾರೋ ಹೇಳಿದ್ದಕ್ಕೆ ಇನ್ನಷ್ಟು. ಆಮೇಲೆ ಬಚ್ಚಲಮನೆಗೆ ಹೋದಳು. ತಂಬಿಗೆಯಿಂದ ನೀರು ಸುರಿಯುವ ಸದ್ದು ಬಂತು, ಬರುತ್ತಲೇ ಇತ್ತು. 'ಬಸ್ಸಿನಾಗ ಧೂಳು ಭಾಳ' ಎಂದು ಅಜ್ಜಿ ಯಾರೂ ಕೇಳದಿದ್ದರೂ ಹೇಳಿದಳು. ಬೀದರಿಗೆ ಹೋಗಿ ಅವ್ವನ ಜೊತೆ ಇರತೊಡಗಿದ ಮೇಲೆ ಅವಳು ಅವ್ವ ಎನ್ನಲು ಕಲಿತಳು. ಆದರೆ ಮಾತಿನ ಕೊನೆಯ ರೀ ಮಾತ್ರ ಹೋಗಲಿಲ್ಲ. ಇಂದಿಗೂ ಫೋನಿನಲ್ಲಿ ಊಟಾತೇನ್ರಿ, ಮೊಣಕಾಲು ಹೆಂಗದಾವ್ರಿ. ಗದಗಿನ ಏರ್ಪಾಡನ್ನು ತಿಳಿಸಿದಾಗ ಅವ್ವ 'ನಿಮ್ಮ ಅತ್ತಿಯವರು ಅನುಭವಸ್ಥರು, ಛಲೋ ನೋಡ್ಕೋತಾರ' ಎಂದಿದ್ದಳು. ಫೋನು ಇಡುವ ಮುಂಚೆ ಮತ್ತೆ ಅಂದಳು: 'ನಿನ್ನ ಏನಂತ ಕರೀಬೇಕು ಅನ್ನೂದನ್ನ ಅದಕ್ಕ ಮೊದಲ ಕಲಿಸಿ ಆಮ್ಯಾಲ ಕಳಸು.' ಅಂದು ತಾನೇ ನಕ್ಕಳು, ಅದೇ ನಗು. ಎರಡು ತಿಂಗಳ ಕೂಸಿಗೆ ಏನು ಕಲಿಸಲು ಬರುತ್ತದೆ? ಫೋನು ಇಟ್ಟ ಮೇಲೆ ಇಲ್ಲಿಯ ಬಾತ್‌ರೂಮಿನಲ್ಲಿ ನಲ್ಲಿ ತಿರುವಿ ಇವಳು ಸುಮ್ಮನೆ ನಿಂತಿದ್ದಳು.

ಈಗಲೂ ನಲ್ಲಿ ತಿರುವಿದ್ದು ಯಾವಾಗ ಎಂಬುದು ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಕುರ್ಚಿಯಿಂದ ಎದ್ದದ್ದು, ಆಸ್ಪತ್ರೆಯ ಶೌಚಾಲಯದ ಬಾಗಿಲು ದೂಡಿದ್ದು, ಕಿತ್ತಳೆ ಬಣ್ಣದ ನೀರೆಲ್ಲ ಬಂದ ಹಾದಿಯಲ್ಲೇ ಹೊರಗೆ ಬಂದದ್ದು, ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು. ಬಾಯಿ ತೊಳೆದು, ಮುಖ ಒರೆಸಿ, ಏನೂ ಆಗದವಳ ಹಾಗೆ ಬಂದು ಅದೇ ಕುರ್ಚಿಯಲ್ಲಿ ಕೂತಳು. ಹೇಳಬೇಕು ಎಂದು ಗೊತ್ತಿತ್ತು. ಕೌಂಟರಿನ ಮುಂದೆ ನಾಲ್ಕು ಜನ ನಿಂತಿದ್ದರು. ಅವರ ಎದುರಿಗೆ ವಾಂತಿ ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ಹೊಂದಿಸಿಕೊಳ್ಳುವಷ್ಟರಲ್ಲಿ ಅವಳ ಹೆಸರು ಕೂಗಿದರು. ತೋಳಿಗೆ ಪಟ್ಟಿ ಬಿಗಿಯುತ್ತ ನರ್ಸು, 'ಉಲ್ಟಿ ನಹೀ ಹುವಾ ನಾ?' ಎಂದು ವಾಂತಿಯಾಗಿಲ್ಲವಷ್ಟೇ ಎಂದು ವಿಚಾರಿಸಿದಳು. 'ಹೂಂ.' ಸೂಜಿ ಹೊಕ್ಕಿತು. ಶೀಶೆ ತುಂಬುತ್ತಿರುವಾಗ ನರ್ಸಿನ ಕಣ್ಣು ಅವಳ ಕೊರಳ ಹತ್ತಿರ ದುಪಟ್ಟಾದ ಮೇಲೆ ನಿಂತಿತು. ಅಲ್ಲೊಂದು ಕಿತ್ತಳೆ ಕಲೆ, ಇನ್ನೂ ಒದ್ದೆ. 'ಯೇ ಕ್ಯಾ ಹೈ? ವಾಮಿಟ್ ಕಿಯಾ?' ಸೌಂದರ್ಯಾ ತಲೆ ತಗ್ಗಿಸಿದಳು. 'ಮೈ ಪೂಛಾ ನಾ? ಆಪ್ ಹೂಂ ಬೋಲಾ. ವಾಟ್ ಈಸ್ ದಿಸ್ ಹೂಂ? ಯೆಸ್ಸಾ, ನೋವಾ?' ಬಾಗಿಲು ತೆರೆದೇ ಇತ್ತು. ಹೆಂಡತಿಯ ಕೈಚೀಲ ಹಿಡಿದಿದ್ದವನು ಇತ್ತ ನೋಡಿ, ಮರ್ಯಾದಸ್ಥ, ಬೇರೆ ಕಡೆ ಮುಖ ತಿರುಗಿಸಿದ. ನರ್ಸು ಶೀಶೆಯನ್ನು ಕೆಂಪು ಡಬ್ಬಿಗೆ ಎಸೆದಳು. 'ಬ್ಲಡ್ ಭೀ ವೇಸ್ಟ್, ಟೈಮ್ ಭೀ ವೇಸ್ಟ್. ನೆಕ್ಸ್ಟ್ ವೀಕ್ ಆವೋ.' ಆಮೇಲೆ, ಹತ್ತಿ ಒತ್ತಿ ಹಿಡಿಸುತ್ತ, ದನಿ ಇಳಿಸಿ, 'ಬೋಲ್ನಾ ಚಾಹಿಯೇ ಮೋಳೇ, ಬೇಬಿ ಕೇ ಲಿಯೇ' ಎಂದಳು, ಕೂಸಿಗಾಗಿಯಾದರೂ ಬಾಯಿಬಿಡು ಮಗಳೇ ಎಂದು. ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿಗೆ ಥ್ಯಾಂಕ್ಸ್ ಎಂದು ಹೇಳಬೇಕೆಂದು ಹೊರಟದ್ದೂ ಗಂಟಲಿನಲ್ಲಿ ಸದ್ದಾಗಿ ಉಳಿಯಿತು. ಅಲ್ ಬರ್ಷಾದಲ್ಲಿ ಇಳಿದವಳು ಮನೆಯ ಕಡೆ ತಿರುಗಲಿಲ್ಲ. ಮಾಲಿನ ಹಿಂಭಾಗದ ಬೀದಿ ಹಿಡಿದಳು. ಬಿಸಿಲಿಗೆ ಕಾಲುದಾರಿಯ ಕಲ್ಲುಗಳು ಕಾವಲಿಯಾಗಿದ್ದವು. ಕಟ್ಟಡದಿಂದ ಕಟ್ಟಡಕ್ಕೆ ನೆರಳು ಹಿಡಿದು ಹೋಗುವಾಗ ಯಾರಾದರೂ ನೋಡಿದರೆ ಎಂಬ ಅಂಜಿಕೆ. ಆಫೀಸಿನಲ್ಲಿ ಪಕ್ಕದ ಮೇಜಿನ ನಾಫಿಯಾ, ಉಳ್ಳಾಲದ ಕಡೆಯವಳು, ತನ್ನ ಮಗಳು ಮಿನ್ಹಾಳನ್ನು ಅತ್ತೆ ಐಸಮ್ಮ ನೋಡಿಕೊಳ್ಳುತ್ತಾರೆ, ಇನ್ನೊಂದು ಮಗುವನ್ನೂ ನೋಡಿಕೊಳ್ಳುವ ಮನಸ್ಸಿದೆ ಎಂದಿದ್ದಳು. 'ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಹೋಗು. ಒಮ್ಮೆ ನೋಡಿಯಾದ್ರೂ ಬಾ.' ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವುದು. ಆ ಮಾತನ್ನು ಸೌಂದರ್ಯಾ ಎಷ್ಟೋ ದಿನದಿಂದ ನಾಲಿಗೆಯ ಅಡಿಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಅಭಿಜೀತನಿಗೆ ಹೇಳಿರಲಿಲ್ಲ. ನೋಡಿಬರುವುದು ತಪ್ಪೇನಲ್ಲವಲ್ಲ.

'ಬಾ ಬಾ, ಒಳಗೆ ಬಾ. ಈ ಬಿಸಿಲಲ್ಲಿ ನಡ್ಕೊಂಡು ಬಂದದ್ದಾ? ಎಂತ ಹುಚ್ಚು ಮಾರಾಯ್ತಿ!' ಐಸಮ್ಮ ಬಾಗಿಲಲ್ಲೇ ಅವಳ ಕೈಯಿಂದ ಚೀಲ ಕಸಿದುಕೊಂಡರು. ತಲೆಯ ಮೇಲಿನ ಬಟ್ಟೆ ಹಿಂದಕ್ಕೆ ಜಾರಿತ್ತು, ಕೈಯಲ್ಲಿ ಸೌಟಿತ್ತು. ನೆಲದ ಮೇಲೆ ಬಿದ್ದುಕೊಂಡು ನಾಲ್ಕು ವರ್ಷದ ಮಿನ್ಹಾ ಟ್ಯಾಬ್ ನೋಡುತ್ತಿದ್ದಳು. 'ಮಿನ್ಹಾ, ಆಂಟಿಗೆ ಫ್ರಿಜ್ಜಿಂದ ನೀರು ತಾ.' 'ಐ ಆಮ್ ಬಿಝಿ.' 'ಬಿಝಿ ಅಂತೆ! ಕಂಪೆನಿ ಉಂಟು ಅವಳಿಗೆ, ಮೀಟಿಂಗ್ ನಡೀತಾ ಉಂಟು' ಎಂದು ತಾವೇ ನೀರು ತಂದರು. ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು. ಸೌಂದರ್ಯಾ ಮೂಗಿಗೆ ಅಡ್ಡವಾಗಿ ನೀರಿನ ಲೋಟ ಹಿಡಿದಳು. ಹಿಡಿದದ್ದಕ್ಕೆ ಅವಳಿಗೇ ಮೈಯೆಲ್ಲ ನಾಚಿಕೆ. ನೀಲವ್ವ ಈ ವಾಸನೆಗೆ ಮೂಗು ಮುಚ್ಚುವ ಚಿತ್ರ, ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಳ್ಳುವ ಚಿತ್ರ ಕಣ್ಣ ಮುಂದೆ ಬಂತು. ಐಸಮ್ಮ ನೋಡಿಯೇ ಬಿಟ್ಟರು. 'ಮೀನಿನ ವಾಸನೆ ಆಗುದಿಲ್ಲ ಅಲ್ವಾ ನಿಂಗೆ? ಮುಖದಲ್ಲೇ ಉಂಟು. ಹೆದರ್ಬೇಡ ಮಗಳೇ, ಎರಡು ತಿಂಗಳ ಮಗುವಿಗೆ ನಾನೇನು ಬಂಗುಡೆ ತಿನ್ನಿಸುದಿಲ್ಲ.' ಸೌಂದರ್ಯಾ ನಕ್ಕಳು. ಆ ದಿನ ಮೊದಲ ಸಲ, ಶಬ್ದ ಬರುವ ಹಾಗೆ. ಮಿನ್ಹಾ ಟ್ಯಾಬಿನಿಂದ ತಲೆ ಎತ್ತಿ ಹೊಟ್ಟೆಯನ್ನೇ ನೋಡಿದಳು. ಎದ್ದು ಬಂದು ಕಿವಿ ಹಚ್ಚಿದಳು. 'ಈಸ್ ಇಟ್ ಸ್ಲೀಪಿಂಗ್?' ಸೌಂದರ್ಯಾ ಹೂಂ ಎಂದಳು. 'ನೋ. ಇಟ್ಸ್ ವೇಟಿಂಗ್' ಎಂದು ಹುಡುಗಿ ಖಚಿತವಾಗಿ ಹೇಳಿ ತನ್ನ ಮೀಟಿಂಗಿಗೆ ಮರಳಿದಳು.

'ನಿನ್ನ ಗಂಡನಿಗೆ ಗೊತ್ತುಂಟಲ್ಲ ನೀನು ಬಂದದ್ದು?' ಹೂಂ. ಅದು ಸುಳ್ಳು ಎಂದು ತಿಳಿದೂ. ಐಸಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. 'ನೋಡು, ಸೀದಾ ಮಾತು ನನ್ನದು. ಐದನೇ ಮಾಳಿಗೆಯ ಹೈದರಾಬಾದಿನವಳು ಒಬ್ಬಳು ಅವಳ ಮಗೂನ ನೋಡ್ಕೊಳ್ಳಿ ಅಂತ ಬೆನ್ನು ಬಿದ್ದಿದ್ದಾಳೆ. ಎರಡೆರಡು ನನ್ನಿಂದ ಆಗುದಿಲ್ಲ. ನಿನಗೆ ಬೇಕು ಅಂತಾದ್ರೆ ಅವಳಿಗೆ ಇಲ್ಲ ಅಂತ ಹೇಳ್ತೇನೆ. ಹೇಳಿಬಿಡ್ಲಾ? ಸೊಂಟ ಒಂದು ಕೇಳುದಿಲ್ಲ ಮಾರಾಯ್ತಿ, ಮೊದಲಿನ ಹಾಗಾ?' ಸೊಂಟದ ಮಾತಿಗೆ ಮರುಕದಿಂದ ಸೌಂದರ್ಯಾ ಹೂಂ ಎಂದಳು. ಐಸಮ್ಮ ಫ್ರಿಜ್ಜಿನ ಮೇಲಿದ್ದ ಫೋನು ತೆಗೆದುಕೊಂಡು ಆಗಲೇ ಕಿವಿಗಿಟ್ಟಿದ್ದರು. 'ಬೇಟಾ, ಸೋರಿ ಹಾ. ಮೇರೆಕು ದೂಸ್ರಾ ಬಚ್ಚಾ ಮಿಲ್ ಗಯಾ. ಹಾಂ ಹಾಂ, ಪಕ್ಕಾ ಹೋಗಯಾ. ಖಲಾಸ್.' ಫೋನು ಕೆಳಗಿಟ್ಟು ನಕ್ಕರು, ಚಿನ್ನದ ಹಲ್ಲೊಂದು ಮಿನುಗಿತು. 'ಆಯ್ತು, ನಿನ್ನದೇ ಇನ್ನು ನನಗೆ. ಮತ್ತೆ ಬೇಡ ಅಂತ ಹೇಳುದಾದ್ರೆ ಈಗ್ಲೇ ಹೇಳು ಮಗಳೇ. ನಾಳೆ ಹೇಳಿದ್ರೆ ನನಗೆ ಮಗುವೂ ಇಲ್ಲ, ಮರ್ಯಾದೆಯೂ ಇಲ್ಲ.' ಸೌಂದರ್ಯಾ ನೀರಿನ ಲೋಟ ನೋಡುತ್ತಿದ್ದಳು. ಹುಟ್ಟದ ಕೂಸನ್ನು ಎರಡು ಮನೆಗೆ ಕೊಟ್ಟಾಗಿತ್ತು. ಎರಡೂ ಕಡೆ ಒಂದೊಂದು ಹೂಂ. ಗದಗಿನಲ್ಲಿ ಒಬ್ಬರು ಕೆಲಸ ಬಿಟ್ಟು ಕೂತಿದ್ದಾರೆ, ಇಲ್ಲಿ ಐದನೇ ಮಾಳಿಗೆಯ ಯಾರದೋ ಮಗುವಿನ ಜಾಗ ತನ್ನಿಂದ ಹೋಯಿತು. ಬಾಯಿ ತೆರೆದರೆ ಈಗ ಒಬ್ಬರಿಗಲ್ಲ ಒಬ್ಬರಿಗೆ ಪೆಟ್ಟು ಬೀಳಲೇಬೇಕು. ಮುಚ್ಚಿದರೆ ಎಲ್ಲ ತಾನಾಗಿ ಎತ್ತಲೋ ಹೋಗುತ್ತದೆ, ಎತ್ತ ಎಂದು ಗೊತ್ತಿದೆ, ಗದಗಿನತ್ತ. 'ಬರತೇನ್ರಿ' ಎಂದಳು. 'ಬಾ ಬಾ, ಗಂಡನನ್ನೂ ಕರ್ಕೊಂಡು ಬಾ' ಎಂದು ಐಸಮ್ಮ ಲಿಫ್ಟಿನವರೆಗೂ ಬಂದರು.

ಮನೆಗೆ ಬಂದು ಉಂಡಳು, ಮಲಗಿದಳು, ನಿದ್ದೆ ಬರಲಿಲ್ಲ. ತಲೆಯ ಮೇಲೆ ಎ.ಸಿ. ಒಂದೇ ಸಮ ಹೂಂಗುಟ್ಟುತ್ತಿತ್ತು. ಎದ್ದು ಅದನ್ನು ಆರಿಸಿದಳು. ಮನೆಯೊಳಗೆ ಎಂದೂ ಇರದಂಥ ನಿಶ್ಶಬ್ದ ಬಂತು, ಅದರ ಹಿಂದೆಯೇ ಸೆಕೆ. ಹೊಟ್ಟೆಯ ಮೇಲೆ ಕೈಯಿಟ್ಟು ಏನಾದರೂ ಮಾತಾಡೋಣ ಎಂದುಕೊಂಡಳು. ಏನು? ಹೆಸರಿಲ್ಲ ಕರೆಯಲು. ತನ್ನನ್ನು ಏನೆಂದು ಪರಿಚಯಿಸಿಕೊಳ್ಳುವುದು? ಒಂದೂ ಅಜ್ಜಿಯ ಕತೆ ಪೂರ್ತಿ ನೆನಪಿಗೆ ಬರಲಿಲ್ಲ; ಹೂಂಗುಟ್ಟಿದ್ದಷ್ಟೇ ನೆನಪಿತ್ತು, ಕತೆ ಅಜ್ಜಿಯ ಜೊತೆ ಹೋಗಿತ್ತು. ಏಳನೇ ರಾಜಕುಮಾರಿಗೆ ಕೊನೆಗೆ ಏನಾಯಿತು? ಚಿಲಕ ತೆಗೆದದ್ದು ಗೊತ್ತು. ಆಮೇಲೆ ಅವಳೇನೋ ಅಂದಿರಬೇಕು. ಅನ್ನದೆ ಕತೆ ಮುಗಿಯುವುದು ಹೇಗೆ? ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿದಾಗ ಮತ್ತೆ ಎ.ಸಿ. ಹಾಕಿದಳು.

ಅಭಿಜೀತ ಸಂಜೆ ಅಲ್ ಮೀನಾ ಮಾರುಕಟ್ಟೆಯಿಂದ ಎರಡು ಚೀಲ ತರಕಾರಿ ಹೊತ್ತು ಬಂದ. 'ಎಣಗಾಯಿ ಮಾಡೂ ಬದನಿಕಾಯಿ ಸಿಕ್ಕಾವ ನೋಡು, ನಮ್ಮೂರಿನಾವ ಇದ್ದಂಗ.' ಕೈ ತೊಳೆಯುತ್ತ, 'ಏನಂದ್ರು ಆಸ್ಪತ್ರ್ಯಾಗ?' ಎಂದ. 'ಮುಂದಿನ ವಾರ ಮತ್ತ ಬಾ ಅಂದ್ರು.' 'ಯಾಕ?' 'ವಾಂತಿ ಆತು.' ಅವನು ನಲ್ಲಿ ನಿಲ್ಲಿಸಿ ತಿರುಗಿದ. 'ಅಯ್ಯ, ನನಗ ಒಂದ ಫೋನ್ ಹಚ್ಚೂದಲ್ಲೇನ? ಹಂಗ ಸುಮ್ಮನ ಬಂದಿ?' ಬಂದು ಹಣೆ ಮುಟ್ಟಿ ನೋಡಿದ. ಆ ಕೈ ತಣ್ಣಗಿತ್ತು. ಹೇಳಿಬಿಡಬೇಕು, ಈಗ, ಐಸಮ್ಮನ ಮನೆ, ಹೈದರಾಬಾದಿನವಳು, ಎಲ್ಲ. ಬಾಯಿ ತೆರೆದಳು. ಫೋನು ಹೊಡೆದುಕೊಂಡಿತು. 'ಅವ್ವ' ಎಂದು ನಗುತ್ತ ಅವನು ಫೋನನ್ನು ಇಬ್ಬರಿಗೂ ಕಾಣುವ ಹಾಗೆ ಅದೇ ಹಿಟ್ಟಿನ ಡಬ್ಬಿಗೆ ಒರಗಿಸಿದ.

ಪರದೆಯ ಮೇಲೆ ಮೊದಲು ಬಂದದ್ದು ಜಂತಿ. ಜಂತಿಯಿಂದ ಇಳಿದ ಹಗ್ಗ, ಹಗ್ಗದ ಕೊನೆಗೆ ತೊಟ್ಟಿಲು, ಬಣ್ಣ ಹೊಸದು. 'ಕಾಣಸ್ತೈತೇನವಾ? ಅಭೀನ್ನ ತೂಗಿದ್ದ ತೊಟ್ಟಲ ಇದು. ಬಡಗ್ಯಾರನ್ನ ಕರಸಿ ಬಣ್ಣಾ ಹಚ್ಚಿಸೇವಿ.' ಫೋನಿನ ಹಿಂದಿನಿಂದ ನೀಲವ್ವನ ಉಸಿರು, ಸಂತೋಷ. ಬದಿಯಿಂದ ಮಾವ ರೇವಣಸಿದ್ದಪ್ಪ ಹಗ್ಗ ಹಿಡಿದು ಖಾಲಿ ತೊಟ್ಟಿಲನ್ನು ತೂಗಿ ತೋರಿಸಿದರು, ಅದು ಕಿರುಗುಟ್ಟಿತು. 'ಎಣ್ಣಿ ಹಾಕಬೇಕಿನ್ನ' ಎಂದರು. ಅಭಿಜೀತ ಬಾಗಿ ನೋಡುತ್ತ 'ಏ ಭಾರಿ ಆಗೈತೆವ್ವಾ' ಎಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಸೌಂದರ್ಯಾ ನೋಡಿದಳು. ಈ ಮಂದಿಯ ಮುಖದ ಮೇಲೆ ತಾನು ಏನನ್ನು ಎಸೆಯಬೇಕು? ನೀಲವ್ವ ಫೋನನ್ನು ತಮ್ಮ ಮುಖಕ್ಕೆ ತಿರುಗಿಸಿಕೊಂಡರು. 'ಯವ್ವಾ ಸೌಂದರ್ಯಾ, ನಿನಗ ಒಳಗ ಸಂಕಟ ಆಗತೈತಿ, ನನಗ ಗೊತ್ತೈತಿ. ಹಡದಾಕಿ ನೀನು. ಆದ್ರ ನೀ ಚಿಂತಿ ಮಾಡಬ್ಯಾಡ. ದಿನಾ ಎರಡ ಹೊತ್ತು ಫೋನ್ ಹಚ್ಚತೇನಿ. ಇಕಿನ ನಿಮ್ಮವ್ವ, ದುಬೈದಾಗ ಅದಾಳ ಅಂತ ಫೋನಿನಾಗ ತೋರಸತೇನಿ. ನಿನ್ನ ಗುರುತ ಮರಿಯಾಕ ಬಿಡೂದಿಲ್ಲ.' ಹೂಂ ಎದೆಯಿಂದ ಎದ್ದು ಗಂಟಲಿಗೆ ಬಂತು. ಅದರ ಹಾದಿ ಅದಕ್ಕೆ ಗೊತ್ತಿತ್ತು, ಎಷ್ಟು ವರ್ಷ ನಡೆದ ಹಾದಿ. ಸೌಂದರ್ಯಾ ಹಲ್ಲು ಕಚ್ಚಿ ಅದನ್ನು ಅಲ್ಲೇ ಹಿಡಿದಳು. ಆ ಕಡೆ ಕತೆ ನಿಂತಿತು. ನೀಲವ್ವ ಕಾದರು, ತೊಟ್ಟಿಲು ತೂಗುವುದು ನಿಂತಿತು, ಅಭಿಜೀತ ತಿರುಗಿ ನೋಡಿದ. ಮುಂಡರಗಿಯ ಅಂಗಳದಲ್ಲಿ ಎರಡೂ ಕೈ ಚಾಚಿ ನಿಂತ ಧೂಳಿನ ಸೀರೆಯ ಹೆಂಗಸು ಇನ್ನೂ ಹಾಗೇ ನಿಂತಿದ್ದಳು. 'ಹಲೋ? ನೆಟ್ವರ್ಕ್ ಹೋತೇನ ಮತ್ತ' ಎಂದರು ನೀಲವ್ವ, ಫೋನಿನ ಹತ್ತಿರ ಬಾಗಿ. 'ಸೌಂದರ್ಯಾ, ಕೇಳಸಾಕತ್ತೈತೇನವಾ ನಿನಗ?'

'ಕೇಳಸಾಕತ್ತೈತ್ರೀ ಅತ್ತಿ' ಎಂದಳು. ದನಿ ಒರಟಾಗಿತ್ತು, ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಅವಳಿಗೇ ಪರಿಚಯವಿರಲಿಲ್ಲ. 'ಇಷ್ಟ ದಿವಸ ನಾ ಹೂಂ ಅಂದದ್ದು ಅಷ್ಟಕ್ಕ ರೀ, ಕೇಳಸಾಕತ್ತೈತಿ ಅಂತ. ಕೂಸಿನ್ನ ನಾ ಕಳಸೂದಿಲ್ಲ.'